ಎದೆ ಢವಢವ ಎಂದರೆ ಯಾವ ಪರೀಕ್ಷೆ ಬೇಕು? ಇಸಿಜಿ ನಾರ್ಮಲ್ ಬಂದರೆ ಅಲ್ಲಿಗೆ ಮುಗಿಯಿತೇ?

‘ಎದೆ ಜೋರಾಗಿ ಬಡಿದುಕೊಂಡರೆ ಅದು ಹಾರ್ಟ್ ಅಟ್ಯಾಕ್‌ನ ಮೊದಲ ಸೂಚನೆ. ತಕ್ಷಣ ಜೋರಾಗಿ ಕೆಮ್ಮಿ. ನಾಲಿಗೆ ಕೆಳಗೆ ಈ ಮಾತ್ರೆ ಇಟ್ಟುಕೊಳ್ಳಿ. ನಿಮ್ಮ ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ, ಒಂದು ಜೀವ ಉಳಿಸಿ.’ ಈ ಧಾಟಿಯ ಮೆಸೇಜ್ ನಿಮ್ಮ ಫೋನಿಗೂ ಬಂದಿರುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಎದೆ ಬಡಿತ ಎಂದರೆ ಬರೀ ಗ್ಯಾಸ್. ಜೀರಿಗೆ ನೀರು ಕುಡಿಯಿರಿ, ಡಾಕ್ಟರ ಹತ್ತಿರ ಹೋಗಿ ದುಡ್ಡು ಕಳೆಯಬೇಡಿ.’

ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಬೇಡದ ಪರೀಕ್ಷೆಗಳಿಗೆ ಅಲೆಯುತ್ತಾರೆ. ಎರಡನೆಯದನ್ನು ನಂಬಿದವರು ಬೇಕಾದ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಡೆದರೆ ಮೆಡಿಕಲ್ ಸ್ಟೋರ್, ಕ್ಲಿನಿಕ್, ಲ್ಯಾಬ್‌ಗಳಿಗೆ ಕೊರತೆಯಿಲ್ಲ. ಆದರೆ ‘ನನ್ನ ಎದೆ ಬಡಿತಕ್ಕೆ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ’ ಎಂದು ಹೇಳುವವರು ಕಡಿಮೆ. ಈ ಲೇಖನದಲ್ಲಿ ಅದನ್ನೇ ನೋಡೋಣ.

ಭಯ ಎಲ್ಲಿಂದ ಬಂತು?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡರು. ದಿನವೂ ವ್ಯಾಯಾಮ ಮಾಡುತ್ತಿದ್ದವರೇ ಹೀಗೆ ಹೋದರೆ ನಮ್ಮ ಗತಿಯೇನು ಎಂದು ಇಡೀ ರಾಜ್ಯ ಎದೆ ಮುಟ್ಟಿ ನೋಡಿಕೊಂಡಿತು. ಹೃದಯ ತಪಾಸಣೆಗೆ ಜನ ಆಸ್ಪತ್ರೆಗಳಲ್ಲಿ ಸಾಲು ನಿಂತರು.

2025ರ ಜೂನ್, ಜುಲೈನಲ್ಲಿ ಅದೇ ಮತ್ತೆ ನಡೆಯಿತು. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ತಾಗಿ ಸತ್ತರು ಎಂಬ ಸುದ್ದಿ ಹಬ್ಬಿತು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಿಗ್ಗೆಯಿಂದಲೇ ಜನ ಸೇರಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, 4ಕ್ಕೆ ಬೇರೆ ಕಾರಣ ಇತ್ತು. ಜಿಲ್ಲೆಯಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಹೇಳಿತು. ಸತ್ತವರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ಬೊಜ್ಜಿನಂಥ ಹಳೆಯ ಕಾರಣಗಳೇ ಹೆಚ್ಚಾಗಿ ಕಂಡವು.

ಆದರೆ ಆ ದಿನಗಳಲ್ಲಿ ಸಾಲು ನಿಂತವರಲ್ಲಿ ಹಲವರಿಗೆ ಇದ್ದದ್ದು ಒಂದೇ ದೂರು: ‘ಎದೆ ಹೊಡ್ಕೊಳ್ತಿದೆ ಸಾರ್.’ ಹಾಗಾಗಿ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು.

ಹೃದಯಾಘಾತ ಬೇರೆ, ಎದೆ ಬಡಿತ ಬೇರೆ

ನಮ್ಮ ಮನೆಯಲ್ಲಿ ನೀರಿನ ಪೈಪೂ ಇದೆ, ಕರೆಂಟಿನ ವೈರೂ ಇದೆ. ಪೈಪು ಕಟ್ಟಿಕೊಂಡರೆ ಜಲಮಂಡಳಿಗೆ ಫೋನ್ ಮಾಡುತ್ತೇವೆ. ಲೈಟು ಮಿಣುಕಿದರೆ ಬೆಸ್ಕಾಂಗೆ. ಹೃದಯದಲ್ಲೂ ಹೀಗೆಯೇ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ, ಪೈಪಿನ ಸಮಸ್ಯೆ. ಹೃದಯ ಯಾವಾಗ ಬಡಿಯಬೇಕು ಎಂದು ಹೇಳುವ ವಿದ್ಯುತ್ ಸಂಕೇತದಲ್ಲಿ ಏರುಪೇರಾದರೆ ಅದು ಲಯದ ಸಮಸ್ಯೆ, ವೈರಿನದ್ದು. ಎದೆ ಬಡಿತ ಅರಿವಿಗೆ ಬರುವುದು ಹೆಚ್ಚಾಗಿ ಈ ಎರಡನೆಯ ಕಡೆಯಿಂದ, ಅಥವಾ ಎರಡೂ ಸರಿ ಇದ್ದು ದೇಹದಲ್ಲಿ ಬೇರೇನೋ ನಡೆಯುತ್ತಿರುವಾಗ.

ಆಂಜಿಯೋಗ್ರಾಮ್ ಪೈಪನ್ನು ನೋಡುವ ಪರೀಕ್ಷೆ. ಅದು ನಾರ್ಮಲ್ ಇದ್ದರೂ ಲಯ ತಪ್ಪಿರಬಹುದು. ಎಕೋ ಪರೀಕ್ಷೆ ಹೃದಯದ ಗೋಡೆ, ಕವಾಟ, ಪಂಪ್ ಮಾಡುವ ಶಕ್ತಿಯನ್ನು ತೋರಿಸುತ್ತದೆ. ನಿನ್ನೆ ರಾತ್ರಿ ಹತ್ತಕ್ಕೆ ಎದೆ ಏಕೆ ಓಡಿತು ಎಂದು ಅದು ಹೇಳಲಾರದು. ಹಾಗೆಂದು ಎರಡಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಹಿಂದೆ ಹೃದಯಾಘಾತ ಆದವರಲ್ಲಿ ಗಾಯವಾದ ಸ್ನಾಯುವಿನಿಂದ ಅಪಾಯಕಾರಿ ಲಯ ಹುಟ್ಟಬಹುದು. ಅದಕ್ಕೇ ಅವರ ಎದೆ ಬಡಿತವನ್ನು ವೈದ್ಯರು ಹೆಚ್ಚು ಗಂಭೀರವಾಗಿ ನೋಡುತ್ತಾರೆ.

ಎದೆ ಬಡಿತಕ್ಕೆ ಕಾರಣಗಳೇನು?

1996ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಆಸ್ಪತ್ರೆಯೊಂದಕ್ಕೆ ಎದೆ ಬಡಿತದ ದೂರು ಹೇಳಿಕೊಂಡು ಬಂದ 190 ಜನರ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇ 43ರಷ್ಟು ಜನರಿಗೆ ಕಾರಣ ಹೃದಯದಲ್ಲೇ ಇತ್ತು. ಶೇ 31ರಷ್ಟು ಜನರಿಗೆ ಆತಂಕ, ಪ್ಯಾನಿಕ್‌ನಂಥ ಮಾನಸಿಕ ಕಾರಣ. ಶೇ 10ರಷ್ಟು ಜನರಲ್ಲಿ ಔಷಧ, ಥೈರಾಯ್ಡ್, ರಕ್ತಹೀನತೆಯಂಥವು. ಉಳಿದ ಶೇ 16ರಷ್ಟು ಜನರಿಗೆ ಕಾರಣ ಸಿಗಲಿಲ್ಲ. ಒಂದು ವರ್ಷದೊಳಗೆ ಸತ್ತವರು ಶೇ 1.6 ಮಾತ್ರ.

‘ಎಲ್ಲ ಮನಸ್ಸಿನ ಭ್ರಮೆ’ ಎನ್ನುವುದೂ ಸುಳ್ಳು, ‘ಎದೆ ಬಡಿದರೆ ಸಾವು’ ಎನ್ನುವುದೂ ಸುಳ್ಳು ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಹೃದಯದ ಕಾರಣ ಎಂದು ಎಣಿಸಿದವುಗಳಲ್ಲೂ ಬಹಳಷ್ಟು ನಿರಪಾಯಕಾರಿ. ಅವುಗಳಲ್ಲಿ ಮುಖ್ಯವಾದದ್ದು ‘ಎಕ್ಟೋಪಿಕ್’ ಬಡಿತ: ಸಮಯಕ್ಕೆ ಮುಂಚೆ ಒಂದು ಬಡಿತ ನುಗ್ಗುತ್ತದೆ, ನಂತರ ಸ್ವಲ್ಪ ಬಿಡುವು, ಆಮೇಲಿನ ಬಡಿತ ಜೋರಾಗಿ ಎದೆಗೆ ಗುದ್ದಿದಂತೆ ಅನಿಸುತ್ತದೆ. ‘ಒಂದು ಬಡಿತ ತಪ್ಪಿಹೋಯಿತು’ ಎಂದು ಜನ ಹೇಳುವುದು ಇದನ್ನೇ. ಆರೋಗ್ಯವಂತರಲ್ಲೂ ದಿನಕ್ಕೆ ಕೆಲವು ಇದ್ದೇ ಇರುತ್ತವೆ.

ನಮ್ಮಲ್ಲಿ ಮರೆಯಬಾರದ ಕಾರಣ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ದೇಹಕ್ಕೆ ಸಾಕಷ್ಟು ಆಮ್ಲಜನಕ ಮುಟ್ಟಿಸಲು ಹೃದಯ ವೇಗವಾಗಿ ಓಡಲೇಬೇಕು. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಎದೆ ಢವಢವ ಎನ್ನುವ ಗೃಹಿಣಿಗೆ ಮೊದಲು ಬೇಕಿರುವುದು ಆಂಜಿಯೋಗ್ರಾಮ್ ಅಲ್ಲ, ಹಿಮೋಗ್ಲೋಬಿನ್ ಪರೀಕ್ಷೆ. ಥೈರಾಯ್ಡ್ ಹೆಚ್ಚಾದರೂ, ಜ್ವರ ಬಂದರೂ, ಭೇದಿಯಿಂದ ನೀರಿನಂಶ ಹೋದರೂ, ಗರ್ಭಿಣಿಯಾದಾಗ ಮತ್ತು ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೀಗಾಗಬಹುದು. ಆಸ್ತಮಾದ ಕೆಲವು ಇನ್ಹೇಲರ್‌ಗಳು, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು, ಎನರ್ಜಿ ಡ್ರಿಂಕ್, ಸಿಗರೇಟು, ಮದ್ಯವೂ ಬಡಿತ ಏರಿಸುತ್ತವೆ.

ಹತ್ತು ಸೆಕೆಂಡಿನ ಇಸಿಜಿ, ಒಂದು ಲಕ್ಷ ಬಡಿತ

ನಿಮಿಷಕ್ಕೆ 72 ಬಡಿತ ಎಂದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ಮಾಮೂಲಿ ಇಸಿಜಿ ದಾಖಲಿಸುವುದು ಸುಮಾರು ಹತ್ತು ಸೆಕೆಂಡ್, ಅಂದರೆ ಹನ್ನೆರಡು ಬಡಿತ. ಒಂದು ಲಕ್ಷದಲ್ಲಿ ಹನ್ನೆರಡನ್ನು ನೋಡಿ ‘ಎಲ್ಲ ಸರಿ ಇದೆ’ ಎನ್ನುವುದು ಹೇಗಿದೆ ಎಂದರೆ, ರಾತ್ರಿ ಮಾತ್ರ ಹೋಗುವ ಕರೆಂಟನ್ನು ಹಗಲು ಬಂದು ನೋಡಿ ‘ಇದೆಯಲ್ಲಾ’ ಎಂದ ಹಾಗೆ.

ಹಾಗಾದರೆ ಇಸಿಜಿ ದಂಡವೇ? ಖಂಡಿತ ಅಲ್ಲ. ಬಡಿತ ಸರಿ ಇರುವಾಗ ತೆಗೆದ ಇಸಿಜಿಯಲ್ಲೂ ಹಳೆಯ ಹೃದಯಾಘಾತದ ಗುರುತು, ಹೃದಯದ ಗೋಡೆ ದಪ್ಪವಾಗಿರುವುದು, ಹುಟ್ಟಿನಿಂದಲೇ ಇರುವ ಹೆಚ್ಚುವರಿ ವಿದ್ಯುತ್ ದಾರಿ, ಕೆಲವು ವಂಶಪಾರಂಪರ್ಯ ಲಯದೋಷಗಳು ಕಾಣಿಸಬಹುದು. ಅದಕ್ಕೇ ಎದೆ ಬಡಿತ ಎಂದು ಬಂದ ಎಲ್ಲರಿಗೂ ಮೊದಲ ಪರೀಕ್ಷೆ ಇಸಿಜಿಯೇ. ಸಮಸ್ಯೆ ಇರುವುದು ಇಸಿಜಿಯಲ್ಲಲ್ಲ, ‘ಇಸಿಜಿ ನಾರ್ಮಲ್, ಇನ್ನು ಮಾತೇ ಬೇಡ’ ಎನ್ನುವುದರಲ್ಲಿ.

ಮುಂದಿನ ಪರೀಕ್ಷೆಯನ್ನು ಆರಿಸಲು ಒಂದು ಸರಳ ಸೂತ್ರ ಇದೆ. ಬಡಿತ ಎಷ್ಟು ಸಲ ಬರುತ್ತದೋ ಅದಕ್ಕೆ ತಕ್ಕ ಪರೀಕ್ಷೆ.

- ದಿನವೂ ಅಥವಾ ದಿನ ಬಿಟ್ಟು ದಿನ ಬರುತ್ತಿದ್ದರೆ: 24ರಿಂದ 48 ಗಂಟೆಗಳ ಹೋಲ್ಟರ್. ಎದೆಗೆ ಪಟ್ಟಿ ಅಂಟಿಸಿ, ಸೊಂಟಕ್ಕೆ ಚಿಕ್ಕ ಯಂತ್ರ ಕಟ್ಟಿಕೊಂಡು ಮಾಮೂಲಿ ಕೆಲಸ ಮಾಡಿಕೊಂಡಿರಬೇಕು. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಬೆನ್ನಿಗೆ ಹೊತ್ತುಕೊಂಡು ಪರೀಕ್ಷಿಸಿದ ಮೊದಲ ಯಂತ್ರ ಸುಮಾರು 38 ಕೆಜಿ ಇತ್ತು. ಇಂದಿನದು ಜೇಬಿನಲ್ಲಿ ಹಿಡಿಸುತ್ತದೆ.
- ವಾರಕ್ಕೊಮ್ಮೆ ಬರುತ್ತಿದ್ದರೆ: ಒಂದರಿಂದ ಎರಡು ವಾರ ಎದೆಯ ಮೇಲಿರುವ ಪ್ಯಾಚ್, ಅಥವಾ ಬಡಿತ ಬಂದಾಗ ಗುಂಡಿ ಒತ್ತುವ ಈವೆಂಟ್ ರೆಕಾರ್ಡರ್.
- ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಬಂದು, ಜೊತೆಗೆ ಎಚ್ಚರ ತಪ್ಪುತ್ತಿದ್ದರೆ: ಚರ್ಮದ ಕೆಳಗೆ ಇಡುವ ಲೂಪ್ ರೆಕಾರ್ಡರ್. ಇದು ಎರಡು ಮೂರು ವರ್ಷ ಕಾವಲು ಕಾಯುತ್ತದೆ.
- ಓಡುವಾಗ, ಭಾರ ಎತ್ತುವಾಗ ಮಾತ್ರ ಬರುತ್ತಿದ್ದರೆ: ವೈದ್ಯರ ಎದುರಲ್ಲೇ ಟ್ರೆಡ್‌ಮಿಲ್ ಪರೀಕ್ಷೆ.
- ಇಸಿಜಿಯಲ್ಲಿ ದೋಷ ಕಂಡರೆ, ಹೃದಯದಲ್ಲಿ ಮರ್ಮರ ಶಬ್ದ ಕೇಳಿದರೆ, ಹೃದಯದ ಕಾಯಿಲೆ ಮೊದಲೇ ಇದ್ದರೆ: ಎಕೋ.

ತಿಂಗಳಿಗೊಮ್ಮೆ ಬರುವ ಬಡಿತಕ್ಕೆ ಒಂದು ದಿನದ ಹೋಲ್ಟರ್ ಕಟ್ಟಿಸಿ ‘ಏನೂ ಇಲ್ಲ’ ಎಂದು ವರದಿ ಬಂದರೆ ಅದು ಉತ್ತರ ಅಲ್ಲ. ಆ ದಿನ ಕಳ್ಳ ಬರಲಿಲ್ಲ, ಅಷ್ಟೇ. ಇನ್ನೊಂದು ಕಡೆ, ಹೋಲ್ಟರ್ ವರದಿಯಲ್ಲಿ ‘ಎಕ್ಟೋಪಿಕ್ 200’ ಎಂದು ಕಂಡು ಗಾಬರಿ ಬೀಳುವವರೂ ಇದ್ದಾರೆ. ಲಕ್ಷದಲ್ಲಿ ಇನ್ನೂರು ತೀರ ಕಡಿಮೆ. ಹೃದಯದ ಕೆಳಕೋಣೆಯಿಂದ ಬರುವ ಇಂಥ ಬಡಿತ ಒಟ್ಟು ಬಡಿತದ ಶೇ 10 ಮೀರಿದರೆ, ಅಂದರೆ ದಿನಕ್ಕೆ ಹತ್ತು ಸಾವಿರದ ಆಸುಪಾಸಾದರೆ, ಹೃದಯದ ಸ್ನಾಯು ಸೋಲದಂತೆ ವೈದ್ಯರು ಎಕೋ ಮಾಡಿಸಿ ನಿಗಾ ಇಡುತ್ತಾರೆ.

ಯಾವಾಗ ಕಾಯಬಾರದು?

ತಕ್ಷಣ 108ಕ್ಕೆ ಕರೆ ಮಾಡಬೇಕಾದ ಸಂದರ್ಭಗಳು:

- ಎದೆ ಬಡಿತದ ಜೊತೆ ಎಚ್ಚರ ತಪ್ಪಿದರೆ ಅಥವಾ ಕಣ್ಣು ಕತ್ತಲೆ ಬಂದು ಬೀಳುವಂತಾದರೆ. ಓಡುವಾಗ, ಆಡುವಾಗ ಎಚ್ಚರ ತಪ್ಪಿದ್ದರೆ ಅದು ಇನ್ನೂ ಗಂಭೀರ.
- ಎದೆ ನೋವು, ಎದೆ ಹಿಂಡಿದಂತೆ ಅನಿಸುವುದು, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ ಇದ್ದರೆ.
- ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ.
- ಕುಳಿತಲ್ಲೇ ಬಡಿತ ವಿಪರೀತ ಏರಿ, ಕೆಲವು ನಿಮಿಷವಾದರೂ ಇಳಿಯದೆ, ಸುಸ್ತು ಹೆಚ್ಚುತ್ತಿದ್ದರೆ.

ಇಂಥ ಹೊತ್ತಿನಲ್ಲಿ ಸ್ವತಃ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ದಾರಿಯಲ್ಲಿ ಎಚ್ಚರ ತಪ್ಪಿದರೆ ನಿಮಗೂ ಅಪಾಯ, ಎದುರಿನವರಿಗೂ ಅಪಾಯ.

ಈ ವಾರದೊಳಗೆ ವೈದ್ಯರನ್ನು ಕಾಣಬೇಕಾದವರು:

- ಹೃದಯಾಘಾತ, ಸ್ಟೆಂಟ್, ಬೈಪಾಸ್, ಕವಾಟದ ತೊಂದರೆ ಇರುವವರು. ಬಾಲ್ಯದಲ್ಲಿ ಕೀಲು ಊದಿ ಜ್ವರ ಬಂದು ಹೃದಯಕ್ಕೆ ಪೆಟ್ಟಾದವರೂ ಇದರಲ್ಲಿ ಸೇರುತ್ತಾರೆ.
- ಮನೆಯಲ್ಲಿ ಯಾರಾದರೂ 40 ವರ್ಷದೊಳಗೆ ಹಠಾತ್ತಾಗಿ ಸತ್ತಿದ್ದರೆ. ‘ನಿದ್ದೆಯಲ್ಲೇ ಹೋದ’, ‘ಈಜುವಾಗ ಹೋದ’ ಎಂದು ಹಿರಿಯರು ಹೇಳುವ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಿ.
- ಶ್ರಮದ ಕೆಲಸ ಮಾಡುವಾಗಲೇ ಬಡಿತ ಬರುವವರು.
- ನಾಡಿ ತಾಳ ತಪ್ಪಿ, ಯಾವ ಲೆಕ್ಕಕ್ಕೂ ಸಿಗದಂತೆ ಬಡಿಯುತ್ತಿರುವವರು. ಅದರಲ್ಲೂ ವಯಸ್ಸು 60 ದಾಟಿದವರು, ಬಿಪಿ ಮತ್ತು ಸಕ್ಕರೆ ಕಾಯಿಲೆ ಇರುವವರು. ಇದು ‘ಏಟ್ರಿಯಲ್ ಫಿಬ್ರಿಲೇಷನ್’ ಇರಬಹುದು. ಈ ಲಯದಲ್ಲಿ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಈ ಲಯ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಬೇಗ ಗೊತ್ತಾದರೆ ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಟ್ಟು ಇದನ್ನು ಬಹುಮಟ್ಟಿಗೆ ತಡೆಯಬಹುದು.

ಇವ್ಯಾವುದೂ ಇಲ್ಲದೆ, ಆಗೊಮ್ಮೆ ಈಗೊಮ್ಮೆ ಒಂದೆರಡು ಕ್ಷಣ ಬಡಿತ ತಪ್ಪಿದಂತೆ ಅನಿಸಿ ತಾನೇ ಸರಿಹೋಗುತ್ತಿದ್ದರೆ, ಪುರುಸೊತ್ತಿನಲ್ಲಿ ಮನೆ ಹತ್ತಿರದ ವೈದ್ಯರನ್ನು ಕಂಡು ಒಂದು ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಹೊಸ ತಿಪ್ಪಸಂದ್ರದವರು ಇದಕ್ಕಾಗಿ ಊರು ದಾಟಿ ಜಯದೇವಕ್ಕೆ ಹೋಗಿ ಸಾಲು ನಿಲ್ಲಬೇಕಿಲ್ಲ. ಇಂದಿರಾನಗರದಲ್ಲೇ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಇದೆ, ಶಿವಾಜಿನಗರದಲ್ಲಿ ಬೌರಿಂಗ್ ಇದೆ. ಅಗತ್ಯ ಕಂಡರೆ ಅಲ್ಲಿಂದಲೇ ಮುಂದಕ್ಕೆ ಬರೆದುಕೊಡುತ್ತಾರೆ. ಜಯದೇವದ ಸಾಲಿನಲ್ಲಿ ನಮಗಿಂತ ಹಿಂದೆ ನಿಂತಿರುವವರಿಗೆ ನಿಜವಾಗಿಯೂ ತುರ್ತು ಇರಬಹುದು ಎಂಬುದೂ ನೆನಪಿರಲಿ.

ವೈದ್ಯರ ಬಳಿ ಹೋಗುವ ಮುನ್ನ

ಎದೆ ಬಡಿತದಲ್ಲಿ ಅರ್ಧ ರೋಗನಿರ್ಣಯ ರೋಗಿಯ ಮಾತಿನಲ್ಲೇ ಇರುತ್ತದೆ. ಆದರೆ ಐದು ನಿಮಿಷದ ಭೇಟಿಯಲ್ಲಿ ಎಲ್ಲ ನೆನಪಾಗುವುದಿಲ್ಲ. ಹಾಗಾಗಿ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳಿ: ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ, ಎಷ್ಟು ಹೊತ್ತು, ಹೇಗೆ ನಿಂತಿತು, ಯಾವ ಮಾತ್ರೆ ನುಂಗುತ್ತಿದ್ದೀರಿ.

ಬಡಿತ ಬಂದಾಗ ಹೆಬ್ಬೆರಳಿನ ಬುಡಕ್ಕೆ ನೇರವಾಗಿ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ತಾಳ ಒಂದೇ ಸಮ ಇದೆಯೇ ಎಂದೂ ಗಮನಿಸಿ. ಆಮೇಲೆ ವೈದ್ಯರ ಮೇಜಿನ ಮೇಲೆ ಅದೇ ತಾಳವನ್ನು ಬೆರಳಿನಿಂದ ತಟ್ಟಿ ತೋರಿಸಿ. ನಾಚಿಕೆ ಬೇಡ, ಅದು ತುಂಬ ಉಪಯೋಗಕ್ಕೆ ಬರುತ್ತದೆ. ಸ್ವಿಚ್ ಹಾಕಿದಂತೆ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ, ಒಂದೇ ಸಮನಾದ ವೇಗದ ಬಡಿತ ‘ಎಸ್‌ವಿಟಿ’ ಎಂಬ ಲಯವನ್ನು ಸೂಚಿಸುತ್ತದೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ ಆತಂಕ, ಜ್ವರ, ರಕ್ತಹೀನತೆಯಂಥವು ಇರಬಹುದು.

ಎಸ್‌ವಿಟಿಯನ್ನು ಪ್ಯಾನಿಕ್ ಎಂದು ತಪ್ಪು ತಿಳಿಯುವುದು ಹೊಸದಲ್ಲ. ಅದರಲ್ಲೂ ಯುವತಿಯರಿಗೆ ‘ಟೆನ್ಷನ್ ಮಾಡ್ಕೋಬೇಡಮ್ಮ’ ಎಂಬ ಮಾತೇ ಔಷಧಿಯಾಗಿ ವರ್ಷಗಳು ಕಳೆಯುತ್ತವೆ. ಬಡಿತ ಬಂದಾಗಲೇ ಒಂದು ಇಸಿಜಿ ಸಿಕ್ಕರೆ ಅನುಮಾನ ಬಗೆಹರಿಯುತ್ತದೆ. ಬಹುಪಾಲು ಜನರಲ್ಲಿ ಅಬ್ಲೇಷನ್ ಎಂಬ ಚಿಕಿತ್ಸೆಯಿಂದ ಇದು ಪೂರ್ತಿ ವಾಸಿಯೂ ಆಗುತ್ತದೆ.

ಫಾರ್ವರ್ಡ್‌ಗಳು ಹೇಳುವುದು ಎಷ್ಟು ನಿಜ?

*ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ.* ಸುಳ್ಳು. ಆಸ್ಪತ್ರೆಯ ಒಳಗೆ, ಮಾನಿಟರ್ ಹಚ್ಚಿರುವಾಗ, ಕೆಲವು ಲಯದೋಷಗಳಲ್ಲಿ ವೈದ್ಯರು ಕೆಮ್ಮಲು ಹೇಳುವುದುಂಟು. ಮನೆಯಲ್ಲಿ ಕೆಮ್ಮುತ್ತಾ ಕೂತರೆ ಆಸ್ಪತ್ರೆ ಸೇರುವ ಸಮಯ ಹಾಳಾಗುತ್ತದೆ. ಎಸ್‌ವಿಟಿ ಇದೆ ಎಂದು ಖಚಿತವಾದವರಿಗೆ ವೈದ್ಯರು ಬೇರೆ ಉಪಾಯ ಕಲಿಸುತ್ತಾರೆ: 15 ಸೆಕೆಂಡ್ ಮುಕ್ಕಿರಿದು, ತಕ್ಷಣ ಮಲಗಿ, ಇನ್ನೊಬ್ಬರು ಕಾಲುಗಳನ್ನು 15 ಸೆಕೆಂಡ್ ಮೇಲೆತ್ತಿ ಹಿಡಿಯುವುದು. 2015ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲೆತ್ತದೆ ಮುಕ್ಕಿರಿದಾಗ ಶೇ 17 ಜನರಲ್ಲಿ, ಕಾಲೆತ್ತಿದಾಗ ಶೇ 43 ಜನರಲ್ಲಿ ಲಯ ಸರಿಹೋಯಿತು. ಇದು ವೈದ್ಯರು ಹೇಳಿದವರಿಗೆ ಮಾತ್ರ.

*ನಾಲಿಗೆ ಕೆಳಗೆ ಮಾತ್ರೆ ಇಡಿ.* ಎದೆ ಬಡಿತಕ್ಕೆ ಇದು ಔಷಧಿಯಲ್ಲ. ಆ ಮಾತ್ರೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ. ಬಿಪಿ ಮೊದಲೇ ಕಡಿಮೆ ಇದ್ದರೆ ತಲೆ ಸುತ್ತಿ ಬೀಳಬಹುದು; ಬಡಿತ ಇನ್ನೂ ಏರಬಹುದು.

*ಕಾಫಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ.* ಅರ್ಧ ಸತ್ಯ. 2023ರಲ್ಲಿ ಪ್ರಕಟವಾದ, ಅಮೆರಿಕದ 100 ಆರೋಗ್ಯವಂತರ ಅಧ್ಯಯನದಲ್ಲಿ ಕಾಫಿ ಕುಡಿದ ದಿನಗಳಲ್ಲಿ ಹೃದಯದ ಮೇಲಿನ ಕೋಣೆಯ ಎಕ್ಟೋಪಿಕ್ ಗಮನಾರ್ಹವಾಗಿ ಹೆಚ್ಚಲಿಲ್ಲ. ಕೆಳಕೋಣೆಯದು ಹೆಚ್ಚಿತು: ದಿನಕ್ಕೆ 102 ಇದ್ದದ್ದು 154. ನಿದ್ದೆ 36 ನಿಮಿಷ ಕಡಿಮೆಯಾಯಿತು. ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿಯಿಂದ ನಿಮಗೆ ಬಡಿತ ಬರುತ್ತದೆಯೇ ಎಂದು ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಕಾಫಿಯನ್ನು ದೂರಬೇಡಿ.

*ಸ್ಮಾರ್ಟ್‌ವಾಚ್ ಇದ್ದರೆ ಆಸ್ಪತ್ರೆ ಬೇಡ.* ಇಸಿಜಿ ಸೌಲಭ್ಯ ಇರುವ ವಾಚು ಬಡಿತ ಬಂದ ಕ್ಷಣದ ದಾಖಲೆ ಹಿಡಿಯಲು ಒಳ್ಳೆಯದು. ಅದರ ಚಿತ್ರವನ್ನು ವೈದ್ಯರಿಗೆ ತೋರಿಸಿ. ಆದರೆ ಅದು ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ವಾಚು ‘ನಾರ್ಮಲ್’ ಎಂದರೂ ಎದೆ ನೋವಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

*ಫುಲ್ ಬಾಡಿ ಚೆಕಪ್ ಮಾಡಿಸಿದ್ದೇನೆ, ಭಯವಿಲ್ಲ.* ಆ ಪಟ್ಟಿಯಲ್ಲಿ ಎಷ್ಟೇ ರಕ್ತ ಪರೀಕ್ಷೆಗಳಿದ್ದರೂ ನಿಮ್ಮ ಬಡಿತ ಬಂದಾಗ ಲಯ ಹೇಗಿತ್ತು ಎಂಬುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಯಾವ ಲಕ್ಷಣವೂ ಇಲ್ಲದ, ಅಪಾಯ ಕಡಿಮೆ ಇರುವ ಯುವಕರಿಗೆ ಸುಮ್ಮನೆ ಟ್ರೆಡ್‌ಮಿಲ್ ಮಾಡಿಸಿದರೆ ಕೆಲವೊಮ್ಮೆ ಇಲ್ಲದ ಕಾಯಿಲೆಯನ್ನೂ ಅದು ತೋರಿಸಿಬಿಡುತ್ತದೆ. ಅಲ್ಲಿಂದ ಮುಂದಿನ ಪರೀಕ್ಷೆ, ಮುಂದಿನ ಖರ್ಚು, ಮುಂದಿನ ಭಯ.

ನೆನಪಿಡಬೇಕಾದದ್ದು

ಎದೆ ಬಡಿತ ಬಹುತೇಕರಿಗೆ ಅಪಾಯಕಾರಿಯಲ್ಲ. ಎಚ್ಚರ ತಪ್ಪುವುದು, ಎದೆ ನೋವು, ಉಸಿರಾಟದ ಕಷ್ಟ, ಮೊದಲೇ ಇರುವ ಹೃದಯ ಕಾಯಿಲೆ, ಮನೆಯಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು, ಶ್ರಮದ ವೇಳೆಯ ಬಡಿತ, ತಾಳ ತಪ್ಪಿದ ನಾಡಿ: ಈ ಏಳರಲ್ಲಿ ಒಂದಿದ್ದರೂ ‘ಗ್ಯಾಸ್’ ಎಂದು ಸುಮ್ಮನಾಗಬೇಡಿ, ಒಂದು ನಾರ್ಮಲ್ ಇಸಿಜಿ ನೋಡಿ ನಿಲ್ಲಿಸಲೂಬೇಡಿ. ‘ಡಾಕ್ಟ್ರೇ, ನನಗೆ ಬಡಿತ ಇಷ್ಟು ದಿನಕ್ಕೊಮ್ಮೆ ಬರುತ್ತೆ, ಅದು ಬಂದಾಗಲೇ ಹಿಡಿಯೋಕೆ ಯಾವ ಪರೀಕ್ಷೆ ಸರಿ?’ ಎಂದು ಕೇಳಿ.

ಮುಂದಿನ ಸಲ ಗ್ರೂಪಿನಲ್ಲಿ ಕೆಮ್ಮುವ ಫಾರ್ವರ್ಡ್ ಬಂದರೆ ಅದರ ಕೆಳಗೆ ಈ ಏಳು ಲಕ್ಷಣಗಳನ್ನೂ 108 ಎಂಬ ಸಂಖ್ಯೆಯನ್ನೂ ಬರೆದು ಕಳುಹಿಸಿ. ನಿಮ್ಮ ಗ್ರೂಪಿನಲ್ಲಿ ಅದು ಬೇಕಾದವರು ಒಬ್ಬರಾದರೂ ಇರುತ್ತಾರೆ.